ತಾಳ್ಮೆಯಿಂದ ಕಲಿಸಿದ ಗುರು: ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜ್ ಅವರ ಸ್ಮರಣೆಯ ದಿನ. ಕರಾವಳಿಯ ಕಥೋಲಿಕರಿಗೆ ಈ ಹೆಸರು ಚಿರಪರಿಚಿತ. ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಭಕ್ತರು ಇಂದಿಗೂ ಹೋಗಿ ಬರುತ್ತಾರೆ. ನಮ್ಮ ಬಳ್ಳಾರಿ ನಗರದಲ್ಲಿ, ಸಿರುಗುಪ್ಪ ಮತ್ತು ಕುರುಗೋಡುಗಳ ಕಡೆಯಲ್ಲಿ, ಅವರ ಜೀವನವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲವೆಂದು ನಮಗೆ ತೋರುತ್ತದೆ. ಆದರೆ ಮಕ್ಕಳಿಗೆ ವಿಶ್ವಾಸವನ್ನು ಕಲಿಸುವುದು ಹೇಗೆಂದು ಚಿಂತಿಸುವ ಪ್ರತಿಯೊಂದು ಕುಟುಂಬಕ್ಕೂ ಈ ಸಂತರಿಂದ ಕಲಿಯಬೇಕಾದುದು ಬಹಳವಿದೆ. ಆದುದರಿಂದ ಈ ವಾರ ಅವರ ಜೀವನವನ್ನೇ ನಮ್ಮ ಮನನಕ್ಕೆ ಆರಿಸಿಕೊಂಡಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಷ್ಟಿ ಪ್ರಾಂತ್ಯದ ಬಾಣಾವಳಿ ಗ್ರಾಮದಲ್ಲಿ, ತಾಯಿಯ ತವರಿನ ಕಡೆ ಜನಿಸಿದರು. ತಂದೆ ಕ್ರಿಸ್ತೋವಾವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ತಂದೆಯ ಊರು ಸಾಂಕ್ವಾಳ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಳಿಯಲ್ಲಿ ಲತೀನ್ ಭಾಷೆಯನ್ನೂ ಕಲಿತರು. ಮುಂದೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ವಿದ್ಯಾಲಯದಲ್ಲಿಯೂ, ತರುವಾಯ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳಿಗಾಗಿ ದೊಮಿನಿಕನ್ ಸಭೆಯವರ ಸಂತ ಥಾಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. 1676ರಲ್ಲಿ ಗುರುದೀಕ್ಷೆ ಪಡೆದರು.

ಅಕ್ವಿನಾಸರ ಹೆಸರಿನ ವಿದ್ಯಾಲಯದಲ್ಲಿ ಓದಿದ ಈ ತರುಣ ಗುರುಗಳು ಆ ಮಹಾ ದಾರ್ಶನಿಕರ ಒಂದು ವಿಚಾರವನ್ನು ತಮ್ಮ ಬದುಕಿನಲ್ಲಿ ಆಚರಿಸಿ ತೋರಿಸಿದರೆಂದು ಹೇಳಬಹುದು. ಬೋಧಿಸುವುದೆಂದರೇನು ಎಂಬ ಪ್ರಶ್ನೆಯನ್ನು ಅಕ್ವಿನಾಸರು ಆಳವಾಗಿ ವಿಚಾರಿಸಿದ್ದಾರೆ. ಅವರ ಪ್ರಕಾರ ಗುರುವಾದವನು ಶಿಷ್ಯನ ಬುದ್ಧಿಗೆ ಜ್ಞಾನವನ್ನು ಕೊಡದಿಂದ ನೀರು ಸುರಿದಂತೆ ಸುರಿಯಲಾರ. ಅವನ ಕಾರ್ಯ ವೈದ್ಯನ ಕಾರ್ಯದಂತೆ. ರೋಗಿಯನ್ನು ಗುಣಪಡಿಸುವುದು ಮೂಲತಃ ದೇಹದೊಳಗಿರುವ ಪ್ರಕೃತಿಯ ಶಕ್ತಿ. ವೈದ್ಯನು ಆ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ಅರಿಯುವ ಬೆಳಕನ್ನು ದೇವರು ಶಿಷ್ಯನೊಳಗೆ ಇಟ್ಟಿದ್ದಾರೆ. ಗುರುವು ಆ ಬೆಳಕಿಗೆ ಸಹಾಯಕ. ಅಕ್ವಿನಾಸರಿಗಿಂತ ಎಂಟು ಶತಮಾನಗಳ ಹಿಂದೆಯೇ ಸಂತ ಆಗಸ್ಟೀನರು, ನಮ್ಮೊಳಗೆ ನೆಲೆಸಿ ನಿಜವಾಗಿ ಕಲಿಸುವವರು ಕ್ರಿಸ್ತರೇ ಎಂದು ಬೋಧಿಸಿದ್ದರು. ಈ ವಿಚಾರವನ್ನು ಒಪ್ಪಿದವನಿಗೆ ತಾಳ್ಮೆ ತಾನಾಗಿಯೇ ಬರುತ್ತದೆ. ಬೆಳಕು ತನ್ನದಲ್ಲವೆಂದು ಬಲ್ಲ ಗುರು ಶಿಷ್ಯನ ನಿಧಾನಕ್ಕೆ ಸಿಡುಕುವುದಿಲ್ಲ.

ದೀಕ್ಷೆಯಾದ ಬಳಿಕ ವಾಜ್ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಗುರುಗಳಾಗಬಯಸುವ ಬಾಲಕರಿಗಾಗಿ ಒಂದು ಲತೀನ್ ಶಾಲೆ ತೆರೆದರು. 1677ರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಅರ್ಪಿಸಿಕೊಂಡು ಪತ್ರವನ್ನೇ ಬರೆದುಕೊಟ್ಟರು. ಇದೇ ಕಾಲಕ್ಕೆ ಸಿಂಹಳದ್ವೀಪದ ಕಥೋಲಿಕರ ದುಃಸ್ಥಿತಿ ಅವರ ಕಿವಿಗೆ ಬಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅಲ್ಲಿಗೆ ಹೋಗಬೇಕೆಂಬ ಹಂಬಲ ತರುಣ ಗುರುಗಳಲ್ಲಿ ಹುಟ್ಟಿತು. ಆದರೆ ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ಬೇರೊಂದು ಕಡೆಗೆ.

ಕನ್ನಡನಾಡಿನಲ್ಲಿ ಮೂರು ವರ್ಷ

1681ರಲ್ಲಿ ಅವರು ಕೆನರಾ ಪ್ರಾಂತ್ಯದ ಪ್ರಧಾನ ಗುರುಗಳಾಗಿ ನೇಮಕಗೊಂಡರು. ಆಗ ಈ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಗೆ ಸೇರಿತ್ತು. ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ ಮುಂತಾದ ಕಡೆಗಳಲ್ಲಿ ಕ್ರೈಸ್ತ ಕುಟುಂಬಗಳು ಚದುರಿಹೋಗಿದ್ದವು. ಗುರುಗಳ ಕೊರತೆಯಿಂದ ಎಷ್ಟೋ ಮಂದಿಗೆ ಸಂಸ್ಕಾರಗಳೇ ದೊರೆಯುತ್ತಿರಲಿಲ್ಲ.

ಇದಕ್ಕಿಂತಲೂ ನೋವಿನ ಸಂಗತಿ ಇನ್ನೊಂದಿತ್ತು. ಪೋರ್ಚುಗಲ್ ದೊರೆಯ ಹಕ್ಕಿನಡಿ ಗೋವೆಯ ಧರ್ಮಾಧಿಕಾರಿಗಳು ಈ ಪ್ರಾಂತ್ಯವನ್ನು ತಮ್ಮದೆನ್ನುತ್ತಿದ್ದರು. ರೋಮ್‌ನಿಂದ ನೇರವಾಗಿ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಅಧಿಕಾರ ತಮ್ಮದೆನ್ನುತ್ತಿದ್ದರು. ಯಾರ ಮಾತು ಕೇಳಬೇಕು, ಯಾರು ನೀಡಿದ ಸಂಸ್ಕಾರ ಸಿಂಧು ಎಂಬ ಗೊಂದಲದಲ್ಲಿ ಜನಸಾಮಾನ್ಯರು ನೊಂದಿದ್ದರು. ಮೂವತ್ತು ವರ್ಷದ ಗುರುವೊಬ್ಬರಿಗೆ ಇದು ಕಠಿಣ ಪರೀಕ್ಷೆ. ವಾಜ್ ಅವರು ಗೋವೆಯ ಕಡೆಯಿಂದಲೇ ಬಂದವರಾದರೂ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು, ವಾಗ್ವಾದವನ್ನು ಬೆಳೆಸಲಿಲ್ಲ. ವಿವಾದ ಮೇಲಿನವರಿಂದ ತೀರುವವರೆಗೆ ಜನರ ಆತ್ಮಗಳಿಗೆ ಹಾನಿಯಾಗಬಾರದೆಂಬುದೊಂದೇ ಅವರ ಕಳಕಳಿ.

ಆ ಮೂರು ವರ್ಷ ಅವರು ಊರೂರು ನಡೆದರು. ಪಾಳುಬಿದ್ದಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. ಮಕ್ಕಳಿಗಾಗಿ ಸಣ್ಣ ಶಾಲೆಗಳನ್ನು ತೆರೆದರು. ಜನಸಾಮಾನ್ಯರ ಭಕ್ತಿಸಂಘಗಳನ್ನು ಕಟ್ಟಿದರು. ರೋಗಿಗಳ ಹಾಸಿಗೆಯ ಬಳಿ ಕುಳಿತರು. ಮುಡಿಪು ಗುಡ್ಡದಲ್ಲಿ ಅವರ ಊರುಗೋಲು ತಾಗಿದಲ್ಲಿ ನೀರು ಚಿಮ್ಮಿತೆಂಬ ಐತಿಹ್ಯ ಈ ದಿನಗಳಿಗೆ ಸೇರಿದ್ದು. ಆ ನೀರಿನಷ್ಟೇ ಮುಖ್ಯವಾದುದು ಆ ನಡಿಗೆ. ಬಾರದ ಜನರನ್ನು ದೂರುತ್ತ ದೇವಾಲಯದಲ್ಲಿ ಕುಳಿತಿರದೆ, ಅವರಿರುವಲ್ಲಿಗೆ ತಾವೇ ಹೋಗುವ ಅಭ್ಯಾಸವನ್ನು ಅವರು ಗಟ್ಟಿಮಾಡಿಕೊಂಡದ್ದು ಕನ್ನಡನಾಡಿನ ಈ ನೆಲದಲ್ಲಿ.

ಬಾಗಿಲು ತಟ್ಟಿದ ಭಿಕ್ಷುಕ

1684ರಲ್ಲಿ ಗೋವೆಗೆ ಮರಳಿದ ವಾಜ್ ಅವರು ಮರುವರ್ಷ, ಹಳೆ ಗೋವೆಯ ಪವಾಡ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳಲು ತೊಡಗಿದ್ದ ಕೆಲವು ದೇಶೀಯ ಗುರುಗಳನ್ನು ಕೂಡಿಕೊಂಡರು. ಅವರೇ ಅದರ ಮುಖ್ಯಸ್ಥರಾಗಿ, ಆ ಪುಟ್ಟ ಗುಂಪನ್ನು ಸಂತ ಫಿಲಿಪ್ ನೇರಿಯವರ ಒರಾಟರಿ ಸಂಸ್ಥೆಯ ಮಾದರಿಯಲ್ಲಿ ರೂಪಿಸಿದರು. 1686ರಲ್ಲಿ, ಐದು ವರ್ಷ ಕಾದ ಬಳಿಕ, ಸಿಂಹಳದ್ವೀಪದತ್ತ ಹೊರಟರು. ಜೊತೆಗಿದ್ದವನು ಜಾನ್ ಎಂಬ ನಿಷ್ಠಾವಂತ ಸೇವಕ. ದಾರಿಯಲ್ಲಿಯೇ ತಮಿಳು ಕಲಿಯುತ್ತ, ತೂತುಕುಡಿಯಿಂದ ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿ, 1687ರಲ್ಲಿ ಜಾಫ್ನಾ ಸೇರಿದರು.

ಇಳಿದೊಡನೆ ಆಮಶಂಕೆ ಅವರನ್ನು ನೆಲಕ್ಕೆ ಕೆಡವಿತು. ಗುರುತು ಪರಿಚಯವಿಲ್ಲದ ನಾಡಿನಲ್ಲಿ, ಸಾಯಲೆಂದು ಬಿಟ್ಟಂತೆ ಬಿದ್ದಿದ್ದ ಅವರಿಗೆ ಒಬ್ಬ ಬಡ ಹೆಂಗಸು ಗಂಜಿ ತಂದು ಕುಡಿಸಿ ಬದುಕಿಸಿದಳೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಕಲಿಸಲು ಬಂದವರು ಆ ನಾಡಿನಲ್ಲಿ ಮೊದಲು ಪಡೆದದ್ದು ಒಂದು ಬಟ್ಟಲು ಗಂಜಿಯ ಪ್ರೀತಿಯ ಪಾಠ.

ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಡಚ್ಚರ ಭಯದಿಂದ ಯಾರೂ ತಮ್ಮ ವಿಶ್ವಾಸವನ್ನು ಹೊರಗೆ ತೋರಿಸುತ್ತಿರಲಿಲ್ಲ. ಗುರುವೆಂದು ಹೇಳಿಕೊಂಡರೆ ತಮಗೂ ಅಪಾಯ, ಜನರಿಗೂ ಅಪಾಯ. ವಾಜ್ ಅವರು ಭಿಕ್ಷುಕನ ವೇಷದಲ್ಲಿ, ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿದರು. ಮಾತಿನಲ್ಲಿ ಏನನ್ನೂ ಕೇಳಲಿಲ್ಲ. ಜಪಸರದ ಮೇಲೆ ಯಾರ ಕಣ್ಣು ನಿಲ್ಲುತ್ತದೆಂದು ಕಾದು ನೋಡಿದರು. ಒಂದು ಮನೆಯವರು ಗುರುತಿಸಿದರು, ಅವರಿಂದ ಇನ್ನೊಂದು ಮನೆ ತಿಳಿಯಿತು. ಸುಮಾರು ಮೂವತ್ತು ವರ್ಷ ಗುರುವನ್ನೇ ಕಾಣದಿದ್ದ ಆ ಮನೆಗಳಲ್ಲಿ ಅಜ್ಜಿಯರೂ ತಾಯಂದಿರೂ ಜಪಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡಿದ್ದರು. ರಾತ್ರಿಯ ಹೊತ್ತು ಮನೆಯೊಳಗೆ ಬಲಿಪೂಜೆ, ಪಾಪನಿವೇದನೆ, ಧರ್ಮೋಪದೇಶ. ಹಗಲಾಗುವುದರೊಳಗೆ ಮುಂದಿನ ಊರು. ಸಿಲ್ಲಾಲೈ ಎಂಬ ಗ್ರಾಮ ಕೆಲಕಾಲ ಅವರ ನೆಲೆಯಾಯಿತು. ಸುದ್ದಿ ತಿಳಿದ ಡಚ್ಚರು ಕಥೋಲಿಕರನ್ನು ಹಿಡಿದು ಹಿಂಸಿಸಿದಾಗ ವಾಜ್ ಅವರು ಡಚ್ಚರ ಕೈಗೆಟುಕದ ಪುತ್ತಳಂ ಕಡೆಗೆ ನಡೆದರು. ಅಲ್ಲಿಂದ ಒಳನಾಡಿನ ಕ್ಯಾಂಡಿ ರಾಜ್ಯವನ್ನು 1692ರಲ್ಲಿ ತಲುಪಿದರು.

ಸೆರೆಮನೆಯೇ ಪಾಠಶಾಲೆ

ಕ್ಯಾಂಡಿಯ ಬಾಗಿಲಲ್ಲೇ ಅವರಿಗೆ ಸೆರೆ ಕಾದಿತ್ತು. ಪೋರ್ಚುಗೀಸರ ಗೂಢಚಾರನೆಂಬ ಆರೋಪವನ್ನು ನಂಬಿ, ಬೌದ್ಧ ಧರ್ಮದ ದೊರೆ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಬಂಧಿಸಿದನು. ಅನ್ಯಾಯದ ಸೆರೆಯಲ್ಲಿ ಮನುಷ್ಯ ಗೊಣಗುವುದು ಸಹಜ. ವಾಜ್ ಅವರು ಮಾಡಿದ್ದು ಸಿಂಹಳ ಭಾಷೆಯನ್ನು ಕಲಿಯುವ ಕೆಲಸ. ನಲವತ್ತು ದಾಟಿದ ವಯಸ್ಸಿನಲ್ಲಿ, ಕೊಂಕಣಿ, ಪೋರ್ಚುಗೀಸ್, ಲತೀನ್, ತಮಿಳುಗಳ ಮೇಲೆ ಇನ್ನೊಂದು ಭಾಷೆಯ ಅಕ್ಷರಾಭ್ಯಾಸಕ್ಕೆ ಕುಳಿತರು. ಕಾವಲು ಸಡಿಲವಾದಂತೆ ಸೆರೆಯಂಗಳದಲ್ಲಿಯೇ ಸಣ್ಣದೊಂದು ಗುಡಿಸಲು ಕಟ್ಟಿ ಬಲಿಪೂಜೆ ಅರ್ಪಿಸತೊಡಗಿದರು. ಕ್ಯಾಂಡಿಯ ಕಥೋಲಿಕರು ಮೆಲ್ಲಮೆಲ್ಲನೆ ಅಲ್ಲಿಗೆ ಬರಲಾರಂಭಿಸಿದರು. ಅವರಿಗಾಗಿ ಸಿಂಹಳದಲ್ಲಿ ಜಪಗಳೂ ಧರ್ಮೋಪದೇಶದ ಪಾಠಗಳೂ ಸಿದ್ಧವಾದವು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಆ ಸೆರೆವಾಸದಲ್ಲಿ ಲೆಕ್ಕಕ್ಕೆ ಸಿಗುವಂಥ ಸಾಧನೆ ಯಾವುದೂ ಕಾಣದು. ಆದರೆ ಮುಂದಿನ ಎಲ್ಲ ಬೆಳೆಗೆ ನೆಲ ಹದವಾದದ್ದು ಆ ದಿನಗಳಲ್ಲಿ. ಸಿರುಗುಪ್ಪದ ರೈತರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಸಸಿಮಡಿಯಲ್ಲಿ ಭತ್ತದ ಪೈರು ಬೇರುಬಿಡುವ ಮುನ್ನ ಅವಸರದಿಂದ ಕಿತ್ತು ನಾಟಿ ಮಾಡಿದರೆ ಗದ್ದೆಯಲ್ಲಿ ಅದು ನಿಲ್ಲುವುದಿಲ್ಲವೆಂದು ತುಂಗಭದ್ರೆಯ ದಡದ ಯಾವ ಒಕ್ಕಲಿಗನೂ ಬಲ್ಲ.

1696ರ ಸುಮಾರಿಗೆ ಕ್ಯಾಂಡಿ ರಾಜ್ಯಕ್ಕೆ ಭೀಕರ ಬರ ಬಂತು. ದೊರೆಯ ಕೋರಿಕೆಯಂತೆ ವಾಜ್ ಅವರು ಬಯಲಿನಲ್ಲಿ ಪೀಠವಿರಿಸಿ, ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರೆಂದೂ, ಮಳೆ ಸುರಿಯಿತೆಂದೂ ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ದೊರೆ ಅವರಿಗೆ ತನ್ನ ರಾಜ್ಯದಲ್ಲಿ ಸಂಚರಿಸುವ ಸ್ವಾತಂತ್ರ್ಯ ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಹೆದರಿದ ಜನ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಅವರೂ, ಗೋವೆಯಿಂದ ನೆರವಿಗೆ ಬಂದಿದ್ದ ಗುರು ಜೋಸೆಫ್ ಕಾರ್ವಾಲೊ ಅವರೂ ಉಳಿದರು. ಕ್ರೈಸ್ತರು, ಬೌದ್ಧರು ಎಂಬ ಭೇದವೆಣಿಸದೆ ರೋಗಿಗಳಿಗೆ ಗುಡಿಸಲು ಕಟ್ಟಿ, ಅನ್ನ ಬೇಯಿಸಿ ಕೊಟ್ಟು, ಹುಣ್ಣು ತೊಳೆದು, ಸತ್ತವರನ್ನು ಹೂಳಿದರು. ಐದು ವರ್ಷಗಳ ಹಿಂದೆ ಗೂಢಚಾರನೆಂದು ಅವರನ್ನು ಸಂಶಯಿಸಿದ್ದ ಊರು, ಅವರು ಬೋಧಿಸುವ ಪ್ರೀತಿ ಎಂಥದೆಂಬುದನ್ನು ಆಗ ಕಣ್ಣಾರೆ ಕಂಡಿತು.

ಗುರುವಿಲ್ಲದ ದಿನಗಳಿಗೂ ಪಾಠ

ವಾಜ್ ಅವರ ದೂರದೃಷ್ಟಿ ಕಾಣುವುದು ಇನ್ನೊಂದು ಏರ್ಪಾಡಿನಲ್ಲಿ. ಇಡೀ ದ್ವೀಪಕ್ಕೆ ಬೆರಳೆಣಿಕೆಯ ಗುರುಗಳು. ಒಂದು ಊರಿಗೆ ಒಮ್ಮೆ ಹೋದರೆ ಮತ್ತೆ ಹೋಗಲು ತಿಂಗಳುಗಳೇ ಬೇಕು. ಆದುದರಿಂದ ಅವರು ಊರಿಗೊಬ್ಬ ಹಿರಿಯನನ್ನು ಸಮುದಾಯದ ಮುಖ್ಯಸ್ಥನನ್ನಾಗಿ ನೇಮಿಸಿದರು; ಆತನಿಗೆ ಮೂಪ್ಪು ಎಂದು ಹೆಸರು. ಜಪಗಳನ್ನು ನಡೆಸಿಕೊಡಲು, ಧರ್ಮಗ್ರಂಥಗಳನ್ನು ಓದಿಹೇಳಲು, ಮಕ್ಕಳಿಗೆ ಪಾಠ ಮಾಡಲು ಅಣ್ಣಾವಿ ಎಂಬ ಉಪದೇಶಿಯನ್ನು ಗೊತ್ತುಮಾಡಿದರು. ಭಾನುವಾರ ಗುರುಗಳಿಲ್ಲವೆಂದು ಯಾವ ಊರೂ ಪ್ರಾರ್ಥನೆಯಿಲ್ಲದೆ ಉಳಿಯಬಾರದೆಂಬುದು ಇದರ ಉದ್ದೇಶ.

ತಮ್ಮ ಜೊತೆಯ ಗುರುಗಳನ್ನೂ ಅವರು ಇದೇ ತಾಳ್ಮೆಯಿಂದ ಬೆಳೆಸಿದರು. 1705ರಲ್ಲಿ ಬಂದ ಗೋವೆಯ ದೀವಾಡಿ ದ್ವೀಪದ ತರುಣ ಗುರು ಜಾಕೋಮ್ ಗೊನ್ಸಾಲ್ವಿಸ್ ಅವರ ಭಾಷಾಪ್ರತಿಭೆಯನ್ನು ಗುರುತಿಸಿ, ಸಿಂಹಳವನ್ನು ಆಳವಾಗಿ ಕಲಿಯುವಂತೆ ಪ್ರೋತ್ಸಾಹಿಸಿದರು. ಗೊನ್ಸಾಲ್ವಿಸ್ ಅವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಹಲವಾರು ಕೃತಿಗಳನ್ನು ರಚಿಸಿ, ಶ್ರೀಲಂಕಾದ ಕಥೋಲಿಕ ಸಾಹಿತ್ಯದ ಪಿತಾಮಹರೆನಿಸಿಕೊಂಡರು. ತನಗಿಂತ ಚೆನ್ನಾಗಿ ಬಲ್ಲ ಶಿಷ್ಯನನ್ನು ಕಂಡು ಹಿಗ್ಗುವ ಗುರು ವಿರಳ. ವಾಜ್ ಅಂಥವರಲ್ಲೊಬ್ಬರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗಲೂ ಅವರು ಒಪ್ಪಿಕೊಳ್ಳಲಿಲ್ಲ.

ನಡೆದು ನಡೆದು ದಣಿದಿದ್ದ ದೇಹ ಕೊನೆಗೆ ಸೋತಿತು. 1711ರ ಜನವರಿ 16ರಂದು, ಅರವತ್ತು ತುಂಬುವ ಮೊದಲೇ, ವಾಜ್ ಅವರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಡಚ್ಚರ ಆಡಳಿತ 1796ರವರೆಗೂ ಮುಂದುವರಿಯಿತು. ಅವರು ಕಟ್ಟಿದ ಸಮುದಾಯಗಳು ಅಳಿಯಲಿಲ್ಲ. ಗೋವೆಯ ಒರಾಟರಿ ಗುರುಗಳೂ ಊರೂರಿನ ಅಣ್ಣಾವಿಗಳೂ ಆ ದೀಪವನ್ನು ಕಾಪಾಡಿದರು. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಕೊಲಂಬೊದಲ್ಲಿ ವಾಜ್ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದ ಗಾಲ್ ಫೇಸ್ ಬಯಲಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಅವರನ್ನು ಸಂತರ ಶ್ರೇಣಿಗೆ ಏರಿಸಿದರು.

ನಮ್ಮ ಮನೆಗಳಿಗೆ ಒಂದು ಮಾತು

ಈ ಚರಿತ್ರೆಯನ್ನು ಓದಿ ಮೆಚ್ಚಿಕೊಂಡು ಮುಚ್ಚಿಟ್ಟರೆ ಸಾಲದು. ನಮ್ಮ ಬಳ್ಳಾರಿ ನಗರದ ಕಥೋಲಿಕ ಮನೆಗಳಲ್ಲಿ ಒಂದೇ ಭಾಷೆಯಿಲ್ಲ. ಅಜ್ಜಿ ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಜಪಿಸುತ್ತಾರೆ, ದೇವಾಲಯದಲ್ಲಿ ಕನ್ನಡ, ಮಗು ಶಾಲೆಯಲ್ಲಿ ಓದುವುದು ಇಂಗ್ಲಿಷ್. ಇಂಥ ಮಗು ಪರಲೋಕ ಪ್ರಾರ್ಥನೆಯನ್ನು ಕಂಠಪಾಠ ಒಪ್ಪಿಸಿತೆಂದ ಮಾತ್ರಕ್ಕೆ ಅದರ ಅರ್ಥ ಅದರ ಹೃದಯಕ್ಕೆ ಇಳಿಯಿತೆಂದು ಹೇಳಲಾಗದು. ತಪ್ಪಿ ಹೇಳಿದಾಗ ನಾವು ಗದರಿಸುತ್ತೇವೆ. ಪ್ರಶ್ನೆ ಕೇಳಿದಾಗ ಸುಮ್ಮನಿರು ಎನ್ನುತ್ತೇವೆ. ಸೆರೆಮನೆಯಲ್ಲಿ ಕುಳಿತು ಕೇಳುಗನ ಭಾಷೆಯನ್ನು ಕಲಿತ ಗುರುವಿನ ಮುಂದೆ ನಮ್ಮ ಈ ಅವಸರ ನಾಚಬೇಕು. ಮಗುವಿನ ಭಾಷೆಯೆಂದರೆ ಅದು ಆಡುವ ನುಡಿ ಮಾತ್ರವಲ್ಲ. ಅದರ ಭಯ, ಅದರ ಸಂದೇಹ, ಅದರ ಆಟ ಕೂಡ ಅದರ ಭಾಷೆಯೇ.

ಬಳ್ಳಾರಿಗೆ ಈ ಪಾಠದ ಇನ್ನೊಂದು ನಿದರ್ಶನವೂ ಉಂಟು. 1810ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಪ್ರಾಟೆಸ್ಟೆಂಟ್ ಬೋಧಕರು. ಕನ್ನಡವನ್ನು ಅಕ್ಷರದಿಂದಲೇ ಕಲಿತು, ಜೊತೆಗಾರರೊಡನೆ ಸುಮಾರು ಎರಡು ದಶಕ ದುಡಿದು, ಪವಿತ್ರ ಗ್ರಂಥವನ್ನು ಸಂಪೂರ್ಣವಾಗಿ ಕನ್ನಡಕ್ಕೆ ತಂದರು. ಆ ಕಾರ್ಯ 1831ರಲ್ಲಿ ಪೂರ್ಣಗೊಂಡಿತು. ಸಭೆ ಬೇರೆಯಾದರೂ ತಾಳ್ಮೆ ಒಂದೇ. ದೇವರ ವಾಕ್ಯ ನಮ್ಮ ನುಡಿಯಲ್ಲಿ ದೊರೆಯುವುದಕ್ಕೆ ಇದೇ ಊರಿನಲ್ಲಿ ಯಾರೋ ಇಷ್ಟು ವರ್ಷ ದುಡಿದಿರುವಾಗ, ಅದನ್ನು ಮನೆಯಲ್ಲಿ ಹತ್ತು ನಿಮಿಷ ಓದಲು ನಮಗೆ ಸಮಯವಿಲ್ಲವೆನ್ನುವುದು ಸರಿಯೇ?

ಸಿರುಗುಪ್ಪ, ಕುರುಗೋಡುಗಳ ಕಡೆ ಹೊಲಗದ್ದೆಗಳ ನಡುವೆ ಚದುರಿ ಬಾಳುವ ಕುಟುಂಬಗಳಿಗೆ ನಮ್ಮ ವಿಶೇಷ ಮಾತಿದೆ. ನಿಮ್ಮ ಮನೆಯ ಬಾಗಿಲಿಗೆ ಗುರುಗಳು ಪ್ರತಿದಿನ ಬರಲಾರರು. ಆದರೆ ಜಾಫ್ನಾದ ಮನೆಗಳಲ್ಲಿ ಮೂವತ್ತು ವರ್ಷ ವಿಶ್ವಾಸ ಉಳಿದದ್ದು ಗುರುಗಳಿಂದಲ್ಲ, ಒಲೆಯ ಮುಂದೆ ಕುಳಿತು ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದ ತಾಯಂದಿರಿಂದ. ವಾಜ್ ಅವರು ಬಂದು ಬಾಗಿಲು ತಟ್ಟಿದಾಗ ಅವರ ಜಪಸರವನ್ನು ಗುರುತಿಸುವ ಕಣ್ಣು ಮನೆಯೊಳಗೆ ಇರದಿದ್ದರೆ, ಆ ಸಂತರ ತಾಳ್ಮೆಯೂ ಹೊರಗೇ ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಊರಿಗೊಬ್ಬರು ಅಣ್ಣಾವಿಯ ಸ್ಥಾನದಲ್ಲಿ ನಿಲ್ಲಬಲ್ಲವರು ನಮಗೆ ಬೇಕು. ಅವರು ಹೆಚ್ಚು ಓದಿದವರಾಗಬೇಕಿಲ್ಲ. ವಾರಕ್ಕೊಮ್ಮೆ ನಾಲ್ಕು ಮನೆಯ ಮಕ್ಕಳನ್ನು ಕೂಡಿಸಿ, ಒಂದು ಶುಭಸಂದೇಶದ ಕಥೆ ಹೇಳಿ, ಒಂದು ಜಪವನ್ನು ಅರ್ಥದೊಡನೆ ಕಲಿಸುವಷ್ಟು ಮನಸ್ಸಿದ್ದರೆ ಸಾಕು.

ಕಲಿಸುವವರ ನಿರಾಶೆಯ ಬಗ್ಗೆಯೂ ಹೇಳಬೇಕು. ವರ್ಷಗಟ್ಟಲೆ ಧರ್ಮೋಪದೇಶಕ್ಕೆ ಬಂದ ಹುಡುಗ ಯೌವನದಲ್ಲಿ ದೇವಾಲಯದ ಮೆಟ್ಟಿಲು ತುಳಿಯದೆ ಹೋದಾಗ, ನಮ್ಮ ಉಪದೇಶಿಗಳು, ತಂದೆತಾಯಂದಿರು, ಗುರುಗಳು ಎಲ್ಲರೂ ಕುಗ್ಗುತ್ತೇವೆ. ನಮ್ಮ ಶ್ರಮ ವ್ಯರ್ಥವಾಯಿತೆನ್ನಿಸುತ್ತದೆ. ಆಗ ಅಕ್ವಿನಾಸರ ವೈದ್ಯನನ್ನು ನೆನೆಯೋಣ. ಒಳಗಿನ ಶಕ್ತಿ ತನ್ನ ಕೆಲಸ ಮಾಡುತ್ತಲೇ ಇದೆ. ಅದರ ವೇಳೆಯನ್ನು ನಿರ್ಧರಿಸುವವರು ನಾವಲ್ಲ. ಆ ಮಗನಿಗಾಗಿ ಬಾಗಿಲು ತೆರೆದಿಡುವುದು, ಗದರದೆ ಮಾತನಾಡಿಸುವುದು, ಪ್ರತಿದಿನ ಅವನ ಹೆಸರು ಹಿಡಿದು ಪ್ರಾರ್ಥಿಸುವುದು, ಇಷ್ಟು ನಮ್ಮ ಪಾಲಿನದು.

ಈ ಜನವರಿ 16ರ ಸಂಜೆ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು, ಅವಸರವಿಲ್ಲದೆ ಒಂದು ಜಪಸರ ಪ್ರಾರ್ಥನೆ ಸಲ್ಲಿಸಲಿ. ಕೊನೆಯಲ್ಲಿ ಮಕ್ಕಳು ಕೇಳುವ ಒಂದು ಪ್ರಶ್ನೆಗೆ ದೊಡ್ಡವರು ಸಾವಧಾನವಾಗಿ ಉತ್ತರಿಸಲಿ. ನಮಗೆ ವಿಶ್ವಾಸವನ್ನು ಮೊದಲು ಕಲಿಸಿದ ತಾಳ್ಮೆಯ ಜೀವಗಳನ್ನೂ, ಅವರು ಅಜ್ಜಿಯಾಗಲಿ ಉಪದೇಶಿಯಾಗಲಿ ಕನ್ಯಾಮಠದ ಸಹೋದರಿಯಾಗಲಿ, ಅಂದು ಕೃತಜ್ಞತೆಯಿಂದ ನೆನೆಯೋಣ. ಸಂತ ಜೋಸೆಫ್ ವಾಜ್ ಅವರ ಬಿನ್ನಹದ ಮೂಲಕ, ನಮ್ಮೊಳಗಿನ ಗುರುವಾದ ಪ್ರಭು ಕ್ರಿಸ್ತರು ಕಲಿಸುವವರಿಗೆ ತಾಳ್ಮೆಯನ್ನೂ ಕಲಿಯುವವರಿಗೆ ಬೆಳಕನ್ನೂ ಕರುಣಿಸಲಿ.